ಟ್ರಂಪೆಟ್ ಬಿಟ್ಟು ಮೈಕ್ ಹಿಡಿದೆ

ಶಿವಮೊಗ್ಗದ ಬ್ಯಾಂಡ್‌ಸೆಟ್ಟಿನಲ್ಲಿ ಟ್ರಂಪೆಟ್ ಊದುತ್ತಿದ್ದೆ. ಮದುವೆ ಮೆರವಣಿಗೆಗೆ ಸಿನಿಮಾ ಹಾಡು, ಮನೆಗೆ ಬಂದ ಮೇಲೆ ಜಾಝ್. ಮುಂದಿನ ಹಲ್ಲು ಸಡಿಲವಾದ ಮೇಲೆ ಮೌತ್‌ಪೀಸ್ ಒತ್ತಿ ಹಿಡಿಯೋದು ಕಷ್ಟವಾಯಿತು. ಸಂಗೀತ ಬಿಟ್ಟಿರೋಕೆ ಆಗಲಿಲ್ಲ, ರೆಕಾರ್ಡಿಂಗ್ ಕಲಿತೆ. ಈಗ ತೀರ್ಥಹಳ್ಳಿ ಹತ್ತಿರ ನಮ್ಮ ಮನೆಯಲ್ಲೇ ಕೆಲಸ.

ಊದಿದ ಅನುಭವ ಜಾಸ್ತಿ ನೆರವಾದದ್ದು ಮೈಕ್ ಇಡುವುದರಲ್ಲಿ. ಟ್ರಂಪೆಟ್ಟಿನ ಚೂಪು ದನಿಯೆಲ್ಲ ಅದರ ಬಾಯಿಯ ನೇರಕ್ಕೇ ನುಗ್ಗುತ್ತದೆ. ಊದುವವರು ಹಿಂದೆ ಇರುತ್ತಾರೆ, ಅವರಿಗೆ ಅಷ್ಟು ಚೂಪಾಗಿ ಕೇಳಿಸುವುದಿಲ್ಲ. ರೆಕಾರ್ಡ್ ಆದದ್ದು ಕೇಳಿ ‘ಇದು ನನ್ನ ದನಿಯೇ ಅಲ್ಲ’ ಅಂತಾರೆ. ಅವರ ಮಾತು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಅದಕ್ಕೇ ಮೈಕನ್ನು ಎರಡು ಮೂರು ಅಡಿ ದೂರ, ನೇರದಿಂದ ಒಂದು ಗೇಣು ಪಕ್ಕಕ್ಕೆ ಇಡುತ್ತೇನೆ. ರಿಬ್ಬನ್ ಮೈಕ್ ಆದರೆ ಇನ್ನೂ ಚೆಂದ, ದನಿ ಮೆತ್ತಗಾಗುತ್ತದೆ. ಆದರೆ ತೀರಾ ಹತ್ತಿರ ಬೇಡ. ಗಾಳಿ ಬಡಿದರೆ ಒಳಗಿನ ತೆಳು ಪಟ್ಟಿ ಹಾಳಾಗುತ್ತದೆ. ಲೆವೆಲ್ ನೋಡುವಾಗ ಎಲ್ಲರೂ ಮೆಲ್ಲಗೆ ಊದುತ್ತಾರೆ, ಸೋಲೋ ಬಂದಾಗ ಜೋರು. ಹಾಗಾಗಿ ಅತಿ ಜೋರು ಸ್ವರವೂ ಮೈನಸ್ 10 ಡಿಬಿ (ದನಿ ಒಡೆಯುವ ಸೊನ್ನೆ ಗೆರೆಗಿಂತ ಹತ್ತು ಡೆಸಿಬೆಲ್ ಕೆಳಗೆ) ದಾಟದ ಹಾಗೆ ಇಟ್ಟುಕೊಳ್ಳುತ್ತೇನೆ. ಮೆಲುದನಿಯ ವಿವರವೂ ಉಳಿಯುವ 24 ಬಿಟ್ ರೆಕಾರ್ಡಿಂಗ್‌ನಲ್ಲಿ ಅದರಿಂದ ನಷ್ಟವಿಲ್ಲ.

1923ರಲ್ಲಿ ಅಮೆರಿಕದ ಇಂಡಿಯಾನಾದ ರಿಚ್‌ಮಂಡ್‌ನಲ್ಲಿ ಕಿಂಗ್ ಆಲಿವರ್ ಅವರ ಜಾಝ್ ತಂಡ ರೆಕಾರ್ಡ್ ಮಾಡಿದಾಗ ಮೈಕೇ ಇರಲಿಲ್ಲ. ಎಲ್ಲರೂ ದೊಡ್ಡ ಕಹಳೆಯಂಥ ಕೊಳವೆಯ ಎದುರು ನುಡಿಸಬೇಕಿತ್ತು. ಮುಂದೆ ಟ್ರಂಪೆಟ್ಟಿಗೆ ಹೆಸರಾದ ಲೂಯಿ ಆರ್ಮ್‌ಸ್ಟ್ರಾಂಗ್ ಆಗ ಆ ತಂಡದಲ್ಲಿ ಊದುತ್ತಿದ್ದದ್ದು ಕಾರ್ನೆಟ್, ಟ್ರಂಪೆಟ್ಟಿನಂಥದೇ ತುಸು ಗಿಡ್ಡ ವಾದ್ಯ. ಅವರ ದನಿ ಉಳಿದವರನ್ನು ಮುಚ್ಚಿಬಿಡುತ್ತೆ ಅಂತ ದೂರ ನಿಲ್ಲಿಸಿದ್ದರಂತೆ. ಯಕ್ಷಗಾನದವರು ಬಂದರೆ ನಾನೂ ಅದನ್ನೇ ಮಾಡುತ್ತೇನೆ. ಚಂಡೆಯವರು ಜಗಲಿಯ ಆ ತುದಿಗೆ, ಭಾಗವತರ ಮೈಕಿನ ಬೆನ್ನು ಚಂಡೆಯ ಕಡೆಗೆ. ಮುಕ್ಕಾಲು ಮಿಕ್ಸಿಂಗ್, ಅಂದರೆ ದನಿಗಳನ್ನು ಹದವಾಗಿ ಬೆರೆಸುವ ಕೆಲಸ, ಅಲ್ಲೇ ಮುಗಿಯುತ್ತದೆ.

ಮಳೆಗಾಲದ ಕಥೆ ಬೇರೆ. ಥಂಡಿ ಹಿಡಿದರೆ ಸೂಕ್ಷ್ಮ ದನಿ ಹಿಡಿಯುವ ಕಂಡೆನ್ಸರ್ ಮೈಕ್ ಚಟಪಟ ಅನ್ನುತ್ತದೆ. ಕೆಲಸ ಮುಗಿದ ತಕ್ಷಣ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಬಿಗಿ ಡಬ್ಬಕ್ಕೆ ಸೇರಿಸುತ್ತೇನೆ. ಹಂಚಿನ ಮೇಲಿನ ಮಳೆ ಸದ್ದನ್ನು ಸಾಫ್ಟ್‌ವೇರ್‌ನಲ್ಲಿ ತೆಗೆಯಬಹುದು ಅಂತಾರೆ. ತೆಗೆದು ನೋಡಿ, ಜೊತೆಗೆ ಹಾಡುವವರ ಉಸಿರೂ ಸವೆದುಹೋಗಿರುತ್ತದೆ. ನಾವು ಹೊಳವಾಗುವ ತನಕ ಕಾಫಿ ಕುಡಿಯುತ್ತಾ ಕಾಯುತ್ತೇವೆ.

ಕೆಲವರು ‘ಉಸಿರಿನ ಸದ್ದೆಲ್ಲ ಕಟ್ ಮಾಡಿ ಸಾರ್’ ಅಂತಾರೆ. ತುಸು ತಗ್ಗಿಸಿ ಕೊಡುತ್ತೇನೆ, ಪೂರ್ತಿ ತೆಗೆಯೋದಿಲ್ಲ. ಮುಂದಿನ ಸಾಲು ಎಷ್ಟು ಉದ್ದ, ಎಷ್ಟು ಜೋರು ಅನ್ನೋದು ಆ ಉಸಿರಿನಲ್ಲೇ ಗೊತ್ತಾಗುತ್ತಲ್ವಾ?