ಅಕ್ವೇರಿಯಂ ಹಿಂದಿನ ಶೀಟ್ ಬೆಳ್ಳಗೆ ಕಾಣ್ತಿದೆಯಾ? ತೆಂಗಿನೆಣ್ಣೆ ಬೇಡ, ಗ್ಲಿಸರಿನ್ ತನ್ನಿ

ಟ್ಯಾಂಕ್ ತಂದ ಹೊಸದರಲ್ಲಿ ಹಿಂದಿನ ಗಾಜಿಗೆ ಹೊರಗಿನಿಂದ ಹಚ್ಚಿದ ನೀಲಿ ಚಿತ್ರದ ಶೀಟ್ ಎಷ್ಟು ಚೆಂದ ಕಾಣುತ್ತದೆ, ಅಲ್ವಾ? ಎರಡು ತಿಂಗಳು ಹೋಗಲಿ, ಒಂದು ಕಡೆ ಒದ್ದೆಯಾದ ಹಾಗೆ ಕಪ್ಪು ಮಚ್ಚೆ, ಇನ್ನೊಂದು ಕಡೆ ಕನ್ನಡಿ ಹಿಡಿದ ಹಾಗೆ ಬೆಳ್ಳಿ ಬಣ್ಣ. ಶೀಟ್ ಹಾಳಾಯಿತು ಅಂದುಕೊಂಡು ಭಾಳ ಜನ ಹೊಸದು ತರುತ್ತಾರೆ. ಅದಕ್ಕೂ ಅದೇ ಗತಿ. ಶೀಟಿನಲ್ಲಿ ತಪ್ಪಿಲ್ಲ, ಶೀಟಿಗೂ ಗಾಜಿಗೂ ನಡುವಿನ ಸಂದಿನಲ್ಲಿದೆ.

ಆ ಸಂದಿನಲ್ಲಿ ಗಾಳಿ ಇರುತ್ತದೆ. ನೀರು ಮತ್ತು ಗಾಜು ದಾಟಿ ಓರೆಯಾಗಿ ಬಂದ ಬೆಳಕು ಗಾಳಿ ಸಿಕ್ಕ ಕೂಡಲೇ ಪೂರ್ತಿ ಹಿಂದಕ್ಕೆ ತಿರುಗುತ್ತದೆ. ಅದಕ್ಕೇ ಎದುರು ನಿಂತರೆ ಶೀಟ್ ಕಾಣುತ್ತದೆ, ಪಕ್ಕದ ಗಾಜಿನಿಂದ ನೋಡಿದರೆ ಕನ್ನಡಿ. ಫೈಟರ್ ಮೀನಿದ್ದರಂತೂ ಕನ್ನಡಿಯಲ್ಲಿ ಕಂಡ ತನ್ನನ್ನೇ ಬೇರೆ ಮೀನು ಅಂದುಕೊಂಡು ಕಿವಿರು ಬಿಚ್ಚಿ ಸುಮ್ನೆ ದಣಿಯುತ್ತದೆ. ಬೆಳಕನ್ನು ಬಾಗಿಸುವ ಗುಣಕ್ಕೆ ಒಂದು ಅಂಕಿ ಇದೆ: ಗಾಳಿಗೆ 1, ನೀರಿಗೆ 1.33, ಗಾಜಿಗೆ ಸುಮಾರು 1.5. ಗ್ಲಿಸರಿನ್‌ಗೆ 1.47, ಗಾಜಿಗೆ ತೀರಾ ಹತ್ತಿರ. ಸಂದಿನಲ್ಲಿ ಗಾಳಿಯ ಬದಲು ಗ್ಲಿಸರಿನ್ ತುಂಬಿದರೆ ಬೆಳಕು ನೇರ ಶೀಟಿನವರೆಗೆ ಹೋಗಿ ಬರುತ್ತದೆ, ಚಿತ್ರ ಗಾಜಿನ ಒಳಗೇ ಇದ್ದ ಹಾಗೆ ಕಾಣುತ್ತದೆ. ಯಾವ ಮೆಡಿಕಲ್ ಅಂಗಡಿಯಲ್ಲಾದರೂ ಸಿಗುತ್ತದೆ, ಸಣ್ಣ ಬಾಟಲಿ ಸಾಕು.

ತೆಂಗಿನೆಣ್ಣೆ ಹಚ್ಚಿ ಅಂತ ಹೇಳುವವರಿದ್ದಾರೆ. ನಾನೂ ಹಚ್ಚಿದ್ದೆ. ಸೆಪ್ಟೆಂಬರಿನಲ್ಲಿ ಹಚ್ಚಿದಾಗ ಬಹಳ ಚೆನ್ನಾಗಿ ಕೂತಿತ್ತು, ಆದರೆ ಡಿಸೆಂಬರಿನ ಒಂದು ಬೆಳಿಗ್ಗೆ ಎದ್ದು ನೋಡಿದರೆ ಹಿಂದಿನ ಗಾಜಿನ ತುಂಬಾ ಬೆಳ್ಳಗೆ ಹೆಪ್ಪುಗಟ್ಟಿತ್ತು. ತೆಂಗಿನೆಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ಧಾರವಾಡದ ಚಳಿಗಾಲದಲ್ಲಿ ಬಚ್ಚಲಿನ ಎಣ್ಣೆ ಬಾಟಲಿ ನೋಡಿದವರಿಗೆ ಇದು ಗೊತ್ತೇ ಇದೆ. ಹೀಟರ್ ಇಲ್ಲದ ಟ್ಯಾಂಕಿನ ಗಾಜು ಅಷ್ಟೇ ತಣ್ಣಗಿರುತ್ತದೆ. ಮತ್ತೆ ಎಣ್ಣೆ ತೆಗೆಯಲು ಸೋಪು ಬೇಕು, ಸೋಪು ಒಂದು ಹನಿ ನೀರಿಗೆ ಬಿದ್ದರೂ ಮೀನಿಗೆ ಅಪಾಯ. ಗ್ಲಿಸರಿನ್ ಬರೀ ನೀರಿಗೆ ಹೋಗುತ್ತದೆ.

ಹಚ್ಚುವ ಮೊದಲು ಒಂದು ಕೆಲಸ. ಸಂದಿಗೆ ನೀರು ಇಳಿದಿದ್ದರೆ ಅದು ಎಲ್ಲಿಂದ ಬಂತು ಅಂತ ಹುಡುಕಿ. ಹೆಚ್ಚಾಗಿ ಕಾರಣ ಫಿಲ್ಟರಿನ ವೈರ್ ಅಥವಾ ಗಾಳಿ ಪೈಪ್. ನೀರು ಅದರ ಮೇಲೆ ಹರಿದು ಹಿಂದಿನ ಅಂಚು ದಾಟಿ ಇಳಿಯುತ್ತದೆ. ನೀರಿನ ಮಟ್ಟ ಮೇಲಿನ ಅಂಚಿಗಿಂತ ಒಂದೂವರೆ ಇಂಚು ಕೆಳಗಿಡಿ. ವೈರ್ ಸ್ವಿಚ್ಚಿನ ಕಡೆ ಹೋಗುವಾಗ ಒಮ್ಮೆ ಸ್ವಿಚ್ಚಿಗಿಂತ ಕೆಳಗೆ ಜೋಲು ಬಿದ್ದು ಮೇಲೇರಲಿ, ಆಗ ಹನಿ ಅಲ್ಲೇ ಕೆಳಗೆ ಬೀಳುತ್ತದೆ, ಸ್ವಿಚ್ಚಿಗೆ ಹೋಗುವುದಿಲ್ಲ. ಇದನ್ನು ದಯವಿಟ್ಟು ಮರೆಯಬೇಡಿ. ಅನುಮಾನ ಉಳಿದರೆ ಹೊರಗೆಲ್ಲ ಒರೆಸಿ, ಟ್ಯಾಂಕಿನ ಬುಡಕ್ಕೆ ಹೊಂದಿಸಿ ಒಣ ಪೇಪರ್ ಪಟ್ಟಿ ಇಟ್ಟು ಮಲಗಿ. ಬೆಳಿಗ್ಗೆ ಮೂಲೆಯಲ್ಲಷ್ಟೇ ಪೇಪರ್ ನೆನೆದಿದ್ದರೆ ಸಿಲಿಕೋನ್ ಜಾಯಿಂಟ್ ಸೋರುತ್ತಿರಬಹುದು. ಹಾಗಿದ್ದರೆ ಶೀಟಿನ ವಿಚಾರ ಬಿಡಿ, ಮೀನು ಬೇರೆ ಕಡೆ ಹಾಕಿ ಮೊದಲು ಟ್ಯಾಂಕ್ ರಿಪೇರಿ ಮಾಡಿಸಿ.

ಈಗ ಕೆಲಸ. ಗೋಡೆಗೂ ಟ್ಯಾಂಕಿಗೂ ಕೈ ಹೋಗುವಷ್ಟು ಜಾಗ ಇದ್ದರೆ ಟ್ಯಾಂಕ್ ಅಲ್ಲಾಡಿಸುವುದೇ ಬೇಡ. ಜಾಗ ಇಲ್ಲದಿದ್ದರೆ ಸ್ವಿಚ್ ಎಲ್ಲ ಬಂದ್ ಮಾಡಿ, ಮುಕ್ಕಾಲು ಭಾಗಕ್ಕಿಂತ ಜಾಸ್ತಿ ನೀರು ಬಕೆಟ್‌ಗಳಿಗೆ ತೆಗೆದು, ಇಬ್ಬರು ಸೇರಿ ಸರಿಸಿ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಟ್ಯಾಂಕಿನಲ್ಲಿ ಸುಮಾರು 56 ಲೀಟರ್ ನೀರು ಹಿಡಿಯುತ್ತದೆ, ಅಂದರೆ ನೀರೇ 56 ಕಿಲೋ. ತುಂಬಿದ ಟ್ಯಾಂಕ್ ಎಳೆದರೆ ಜಾಯಿಂಟ್ ಬಿಡುತ್ತದೆ. ಆ ಬಕೆಟ್ ನೀರನ್ನು ಚೆಲ್ಲಬೇಡಿ, ನಮ್ಮಲ್ಲಿ ಬಹಳ ಓಣಿಗಳಿಗೆ ನಳದ ನೀರು ಬರುವುದೇ ಕೆಲವು ದಿನಕ್ಕೊಮ್ಮೆ, ಮೀನಿಗೂ ಹಳೆ ನೀರೇ ಒಗ್ಗಿರುತ್ತದೆ.

ಶೀಟ್ ಬಿಚ್ಚಿ. ಬೋರ್ ನೀರು ಹಾಕುವ ಮನೆಯಾದರೆ ಗಾಜಿನ ಹೊರಗೆ ಬಿಳಿ ಗೆರೆ ಕಟ್ಟಿರುತ್ತದೆ, ಹನಿ ಒಣಗಿ ಉಳಿದ ಉಪ್ಪು ಅದು. ವಿನೆಗರ್ ಮತ್ತು ನೀರು ಸಮ ಸಮ ಬೆರೆಸಿ, ಅರಿವೆಯನ್ನು ಅದರಲ್ಲಿ ಅದ್ದಿ ಹಿಂಡಿ, ಗೆರೆಯ ಮೇಲೆ ಐದು ನಿಮಿಷ ಒತ್ತಿ ಹಿಡಿದು ತಿಕ್ಕಿ. ಟ್ಯಾಂಕ್ ಹತ್ತಿರ ಸ್ಪ್ರೇ ಹೊಡೆಯಬೇಡಿ. ಆಮೇಲೆ ಬರೀ ನೀರಿನ ಅರಿವೆಯಿಂದ ಒರೆಸಿ, ಪೂರ್ತಿ ಒಣಗಲಿ.

ಶೀಟನ್ನು ಗಾಜಿಗಿಂತ ಸುತ್ತ ಅರ್ಧ ಸೆಂಟಿಮೀಟರ್ ಚಿಕ್ಕದಾಗಿ ಕತ್ತರಿಸಿ, ಟೇಪ್ ಹಿಡಿಯಲು ಒಣ ಗಾಜು ಬೇಕಲ್ಲ. ಅದು ಪ್ಲಾಸ್ಟಿಕ್ ಶೀಟೇ ಆಗಿರಬೇಕು, ಕಾಗದ ಗ್ಲಿಸರಿನ್ ಕುಡಿದು ಉಬ್ಬುತ್ತದೆ. ಸ್ಪಾಂಜ್ ತುಂಡಿನಿಂದ ಗಾಜಿನ ಮೇಲೆ ಗ್ಲಿಸರಿನ್ ತೆಳ್ಳಗೆ ಹರಡಿ, ಜಾಸ್ತಿ ಹಾಕಿದರೆ ಕೆಳಗಿಳಿದು ಬುಡದಲ್ಲಿ ಉಬ್ಬು ಬರುತ್ತದೆ. ಮೇಲಿನ ಅಂಚು ಹಿಡಿದು ಶೀಟನ್ನು ನಿಧಾನ ಇಳಿಸಿ. ಹಳೆಯ ಎಟಿಎಂ ಕಾರ್ಡಿಗೆ ಮೆತ್ತನೆ ಅರಿವೆ ಸುತ್ತಿ, ನಡುವಿನಿಂದ ಅಂಚಿನ ಕಡೆಗೆ ಗುಳ್ಳೆ ತಳ್ಳುತ್ತಾ ಹೋಗಿ. ಅವಸರ ಬೇಡ, ಇಪ್ಪತ್ತು ನಿಮಿಷ ಹಿಡಿಯಲಿ. ಒಬ್ಬರು ಎದುರು ನಿಂತು ಎಲ್ಲಿ ಗುಳ್ಳೆ ಉಳಿದಿದೆ ಅಂತ ಹೇಳಿದರೆ ಕೆಲಸ ಅರ್ಧವಾಗುತ್ತದೆ. ನಮ್ಮ ಮನೆಯಲ್ಲಿ ತಂಗಿ ಹೇಳಿದ್ದರಿಂದಲೇ ನನಗೆ ಸಲೀಸಾಯಿತು. ಅಂಚಿಗೆ ಬಂದ ಗ್ಲಿಸರಿನ್ ಒರೆಸಿ, ನಾಲ್ಕೂ ಬದಿಗೆ ಅಗಲದ ಟೇಪ್ ಹಚ್ಚಿ. ಮೇಲೆ ಮಾತ್ರ ಹಚ್ಚಿದರೆ ಸಾಲದು. ಗ್ಲಿಸರಿನ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಮಳೆಗಾಲದಲ್ಲಿ ತೆಳುವಾಗಿ ಸೋರುತ್ತದೆ.

ಬಿಸಿಲಿಗೆ ಬಣ್ಣ ಹೋದ ಶೀಟಿಗೆ ಇದ್ಯಾವುದೂ ನಡೆಯುವುದಿಲ್ಲ. ಆಗ ಗಾಜಿನ ಹೊರಗೆ ಕಪ್ಪು ಅಕ್ರಿಲಿಕ್ ಪೇಂಟ್ ಎರಡು ಮೂರು ಕೋಟ್ ಹೊಡೆಯಿರಿ. ನನಗಂತೂ ಕಪ್ಪೇ ಇಷ್ಟ. ಸಂದೇ ಇರುವುದಿಲ್ಲ, ಗೋಲ್ಡ್ ಫಿಶ್ ಎದ್ದು ಕಾಣುತ್ತದೆ, ಬೇಡವಾದರೆ ಬ್ಲೇಡಿನಿಂದ ಕೆರೆದು ತೆಗೆಯಬಹುದು.

ಟ್ಯಾಂಕ್ ಒಳಗಿಡುವ ಥರ್ಮಾಕೋಲಿನಂಥ ಉಬ್ಬು ಬ್ಯಾಕ್‌ಗ್ರೌಂಡ್ ಎದ್ದು ತೇಲುತ್ತಿದ್ದರೆ ಅದಕ್ಕೆ ಸಿಲಿಕೋನ್ ಒಂದೇ ದಾರಿ, ಟ್ಯಾಂಕ್ ಖಾಲಿ ಮಾಡಿ ಒಣಗಿಸಿಯೇ ಹಚ್ಚಬೇಕು. ಬಾತ್‌ರೂಮಿಗೆ ಅಂತ ಬರುವ, ಬೂಷ್ಟು ತಡೆಯುವ ಸಿಲಿಕೋನ್ ಬೇಡವೇ ಬೇಡ, ಅದರ ಔಷಧಿ ಮೀನಿಗೆ ವಿಷ. ಅಕ್ವೇರಿಯಂಗೆ ಅಂತಲೇ ಬರೆದದ್ದು ಕೇಳಿ, ಅಂಚಿನಲ್ಲಿ ಸಂದು ಬಿಡಬೇಡಿ, ಸಣ್ಣ ಗಪ್ಪಿಗಳು ಹಿಂದೆ ಹೋಗಿ ಸಿಕ್ಕಿ ಸಾಯುತ್ತವೆ. ಸಿಲಿಕೋನಿನ ಹುಳಿ ವಾಸನೆ ಪೂರ್ತಿ ಹೋಗುವವರೆಗೆ, ಕನಿಷ್ಠ ಎರಡು ದಿನ, ನೀರು ತುಂಬಬೇಡಿ.

ಇನ್ನು ಪ್ರತಿ ಜೂನ್‌ನಲ್ಲಿ ಮಳೆ ಹಿಡಿಯುವ ಮೊದಲು ಟೇಪಿನ ಅಂಚನ್ನು ಬೆರಳಿನಿಂದ ಒತ್ತಿ ನೋಡಿ. ಎದ್ದಿದ್ದರೆ ಆ ಬದಿಯ ಟೇಪ್ ಮಾತ್ರ ಬದಲಿಸಿ, ಇಡೀ ಶೀಟ್ ಕೀಳಬೇಡಿ.