ಕರ್ವ್ಸ್ ಬಿಟ್ಟ ಮೇಲೆ ಕರೆ ಬಂತು: ರೆಸ್ಯೂಮ್ ಮಾಡುವವನ ಅನುಭವ

ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿ ನನ್ನದು ಡಿಟಿಪಿ, ಜೆರಾಕ್ಸ್ ಅಂಗಡಿ. ಒಂದು ರೆಸ್ಯೂಮಿಗೆ 250 ರೂಪಾಯಿ ಕೇಳಲು ಶುರು ಮಾಡಿದಾಗ ಸಾಲಿನ ಅಂಗಡಿಯವರೆಲ್ಲ ತಲೆ ಅಲ್ಲಾಡಿಸಿದರು. "30 ರೂಪಾಯಿಗೆ ಬಾರ್ಡರ್ ಹಾಕಿ, ಫೋಟೊ ಅಂಟಿಸಿ ಎರಡು ಪುಟ ಕೊಡುತ್ತೇವೆ. ನೀನು ಒಂದೇ ಪುಟ ಬೋಳು ಮಾಡಿ ಕೊಟ್ಟರೆ ಯಾರು ಬರುತ್ತಾರೆ?" ಎಂದರು. ಈಗ ಅವರಲ್ಲೇ ಇಬ್ಬರು ತಮ್ಮ ಗಿರಾಕಿಗಳನ್ನು ನನ್ನ ಕಡೆ ಕಳುಹಿಸುತ್ತಿದ್ದಾರೆ.

ನನ್ನ ಕಣ್ಣು ತೆರೆಸಿದ್ದು ಅಕ್ಕನ ಮಗನ ರೆಸ್ಯೂಮ್. ಮೆಕ್ಯಾನಿಕಲ್ ಡಿಪ್ಲೊಮಾ ಮುಗಿಸಿದ್ದ. ನಮ್ಮವನೇ ಎಂದು ಕೋರಲ್‌ಡ್ರಾ ಎಂಬ ವಿನ್ಯಾಸದ ತಂತ್ರಾಂಶದಲ್ಲಿ ಕುಳಿತು ಎಡಕ್ಕೆ ನೀಲಿ ಪಟ್ಟಿ, ದುಂಡನೆಯ ಫೋಟೊ, ಕೌಶಲಕ್ಕೆ ನಕ್ಷತ್ರ ಹಾಕಿ ಮದುವೆ ಕಾರ್ಡಿನಂತೆ ಸಿಂಗರಿಸಿದೆ. ಪ್ರೆಸ್ಸಿಗೆ ಕಳುಹಿಸುವ ರೂಢಿಯಲ್ಲೇ ಎಲ್ಲವನ್ನೂ ಕರ್ವ್ಸ್ ಮಾಡಿ, ಅಂದರೆ ಅಕ್ಷರಗಳನ್ನು ಚಿತ್ರದ ಗೆರೆಗಳಾಗಿಸಿ, ಪಿಡಿಎಫ್ ತೆಗೆದೆ. ಬೆಂಗಳೂರು, ಹೈದರಾಬಾದ್, ಪುಣೆ ಎಂದು ನಲವತ್ತು ಕಡೆಯಾದರೂ ಹಾಕಿದ. ಒಂದೂ ಕರೆ ಬರಲಿಲ್ಲ. ಒಂದು ಸಂಜೆ ನನ್ನ ಅಂಗಡಿಯಲ್ಲೇ ಕುಳಿತು ಉದ್ಯೋಗ ತಾಣವೊಂದಕ್ಕೆ ಅದೇ ಫೈಲನ್ನು ಏರಿಸಿದ. ರೆಸ್ಯೂಮ್ ಓದಿ ತಾನೇ ತುಂಬಿಕೊಳ್ಳಬೇಕಾದ ಫಾರಂ ಪೂರ್ತಿ ಖಾಲಿ ನಿಂತಿತು. ಹೆಸರೂ ಇಲ್ಲ, ಫೋನ್ ನಂಬರೂ ಇಲ್ಲ. "ಮಾಮಾ, ಇದರಲ್ಲಿ ನಾನೇ ಇಲ್ಲವಲ್ಲ" ಎಂದ. ಆ ಮಾತು ಚುಚ್ಚಿತು. ಕರ್ವ್ಸ್ ಮಾಡಿದ ಅಕ್ಷರ ಅಕ್ಷರವಾಗಿ ಉಳಿಯುವುದಿಲ್ಲ, ಬರಿಯ ಗೆರೆಯಾಗುತ್ತದೆ ಎಂದು ನಮಗೆಲ್ಲ ಗೊತ್ತು. ಗೊತ್ತಿದ್ದೂ ನಾಲ್ಕು ತಿಂಗಳು ಹುಡುಗನ ಸಮಯ ಹಾಳು ಮಾಡಿದ್ದೆ.

ಎರಡನೆಯ ಸಲ ವರ್ಡ್‌ನಲ್ಲಿ ಮಾಡಿದೆ, ಆದರೆ ಟೇಬಲ್ ಹಾಕಿ ಎರಡು ಕಾಲಂ ಮಾಡಿದೆ. ಹೆಸರನ್ನು ಪುಟದ ಮೇಲಂಚಿನ ಹೆಡರ್‌ನಲ್ಲಿಟ್ಟೆ. ಈ ಸಲ ಫಾರಂ ಅರ್ಧ ತುಂಬಿತು. ಹೆಸರಿನ ಜಾಗ ಖಾಲಿ, ಕೌಶಲದ ಜಾಗದಲ್ಲಿ ಊರಿನ ವಿಳಾಸ. ಅಂದಿನಿಂದ ಅಂಗಡಿಯಲ್ಲಿ ಒಂದು ನಿಯಮ: ಪಿಡಿಎಫ್ ತೆರೆದು ಕಂಟ್ರೋಲ್ ಎ, ಕಂಟ್ರೋಲ್ ಸಿ ಒತ್ತಿ ನೋಟ್‌ಪ್ಯಾಡಿಗೆ ಸುರಿಯಬೇಕು. ಅಲ್ಲಿ ಮೇಲಿನಿಂದ ಕೆಳಗೆ ಮನುಷ್ಯ ಓದುವ ಕ್ರಮದಲ್ಲೇ ಬಂದರೆ ಮಾತ್ರ ಗಿರಾಕಿಯ ಕೈಗೆ. ಒಂದೇ ಕಾಲಂ, ಟೆಕ್ಸ್ಟ್ ಬಾಕ್ಸ್ ಇಲ್ಲ, 11 ಪಾಯಿಂಟ್ ಗಾತ್ರದ ಅಕ್ಷರ.

ಆದರೆ ನಿಜವಾದ ದುಡಿಮೆ ಇರುವುದು ಬರವಣಿಗೆಯಲ್ಲಿ. ನಾವೆಲ್ಲ ಒಂದೇ ಹಳೆಯ ಫೈಲಿನಲ್ಲಿ ಹೆಸರು ಬದಲಿಸಿ ಕೊಡುತ್ತಿದ್ದೆವು. ಬಿ.ಕಾಂ. ಹುಡುಗಿಗೂ ಐಟಿಐ ಫಿಟ್ಟರ್‌ಗೂ ಅದೇ ಕೆರಿಯರ್ ಆಬ್ಜೆಕ್ಟಿವ್, ಕೊನೆಗೆ ಅದೇ ಡಿಕ್ಲರೇಶನ್. ಎರಡನ್ನೂ ಕಿತ್ತು ಹಾಕಿದೆ. ಖಾಸಗಿ ಕಂಪನಿಯ ಅರ್ಜಿಯಿಂದ ತಂದೆಯ ಹೆಸರು, ಜಾತಿ, ಮದುವೆಯ ವಿವರವನ್ನೂ ತೆಗೆದೆ. ಕಲ್ಯಾಣ ಕರ್ನಾಟಕದವರಿಗೆ ಮೀಸಲಾತಿ ಕೊಡುವ ಸಂವಿಧಾನದ 371ಜೆ ವಿಧಿಯ ಸಾಲನ್ನೂ ತೆಗೆದೆ. ಅದು ಸರ್ಕಾರಿ ನೇಮಕಾತಿ ಮತ್ತು ಕಾಲೇಜು ಸೀಟಿಗೆ ಬೇಕಾದ ದಾಖಲೆ, ಬೆಂಗಳೂರಿನ ಖಾಸಗಿ ಕಂಪನಿಗೆ ಅದರಿಂದ ಆಗಬೇಕಾದದ್ದೇನೂ ಇಲ್ಲ. ಇನ್ನೊಂದು ಎಚ್ಚರ: ಊರಿನ ಹೆಸರು 2014ರ ನವೆಂಬರ್ 1ರಿಂದ ಕಲಬುರಗಿ. ಆದರೆ ಪದವಿ ಪತ್ರದಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯ ಎಂದಿದ್ದರೆ ಹಾಗೆಯೇ ಬರೆಯಬೇಕು. ಅಭಿಮಾನದಿಂದ ನಾನೇ ಅದನ್ನು ತಿದ್ದಿದ್ದಕ್ಕೆ ಒಬ್ಬಳಿಗೆ ದಾಖಲೆ ಪರಿಶೀಲನೆಯ ದಿನ ಅರ್ಧ ದಿನ ವಿವರಣೆ ಕೊಡಬೇಕಾಯಿತು.

ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಮುಗಿಸಿದ ಫಿಟ್ಟರ್ ಹುಡುಗ ಬಂದಿದ್ದ. ಹಳೆಯ ರೆಸ್ಯೂಮಿನಲ್ಲಿ 'ಕಷ್ಟಪಟ್ಟು ದುಡಿಯುವವನು' ಎಂದಷ್ಟೇ ಇತ್ತು. "ತಮ್ಮಾ, ಬೆಳಗ್ಗೆ ಒಳಗೆ ಹೋದ ಮೇಲೆ ಕೈಯಲ್ಲಿ ಏನು ಹಿಡಿಯುತ್ತಿದ್ದೆ?" ಎಂದು ಕೇಳಿದೆ. ಕನ್ವೇಯರ್ ಬೆಲ್ಟಿನ ರೋಲರ್ ಬದಲಿಸುವುದು, ಬೇರಿಂಗ್ ಕೂರಿಸುವುದು, ಗ್ರೀಸ್ ಹಾಕಿದ ಲೆಕ್ಕ ಬರೆಯುವುದು, ರಾತ್ರಿ ಪಾಳಿಯಲ್ಲಿ ಬೆಲ್ಟ್ ನಿಂತರೆ ಓಡುವುದು ಎಂದ. ಅದನ್ನೇ ನಾಲ್ಕು ಸಾಲು ಮಾಡಿ ಮೇಲೆ ಇಟ್ಟೆ. ಮೂರು ವಾರದೊಳಗೆ ಎರಡು ಕಡೆಯಿಂದ ಕರೆ ಬಂತು. ನಾನು ಕೇಳುವ ಪ್ರಶ್ನೆ ಒಟ್ಟು ಒಂಬತ್ತು. ಒಂದನ್ನು ಹೇಳಿದ್ದೇನೆ, ಉಳಿದ ಎಂಟು ನನ್ನ ಅನ್ನದ ಪ್ರಶ್ನೆ, ಅವು ನನ್ನಲ್ಲೇ ಇರಲಿ.

ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. ಫಲಿತಾಂಶದ ಹಂಗಾಮಿನಲ್ಲಿ ದಿನಕ್ಕೆ ಹದಿನೈದು ರೆಸ್ಯೂಮ್ ಬರುತ್ತಿದ್ದವು. ದರ ಏರಿಸಿದ ಮೇಲೆ ತೀರಾ ಕಡಿಮೆಯಾದವು. ಮೊದಲ ಎರಡು ತಿಂಗಳು ಏಳೆಂಟು ಸಾವಿರ ಕೈ ಬಿಟ್ಟಿತು, ಬಾಡಿಗೆಯನ್ನು ಜೆರಾಕ್ಸ್ ದುಡ್ಡಿನಲ್ಲೇ ಕಟ್ಟಿದೆ. ನಾನೇ ಹಿಂದೆ ಕೆಡಿಸಿ ಕೊಟ್ಟಿದ್ದ ಇಪ್ಪತ್ತು ಜನರನ್ನು ಫೋನ್ ಮಾಡಿ ಕರೆಸಿ ಪುಕ್ಕಟೆ ಮಾಡಿಕೊಟ್ಟೆ. ಅದೇ ನನ್ನ ಜಾಹೀರಾತಾಯಿತು. ಈಗ ದಿನಕ್ಕೆ ಐದಾರು. ಪ್ರತಿಯೊಂದಕ್ಕೂ ಮುಕ್ಕಾಲು ಗಂಟೆ ಹಿಡಿಯುತ್ತದೆ, ಆದರೂ ಮೊದಲಿಗಿಂತ ಹೆಚ್ಚು ಉಳಿಯುತ್ತದೆ. ಕಳೆದ ವರ್ಷ ಮಾಡಿಸಿಕೊಂಡವರಲ್ಲಿ ಅಂದಾಜು ಅರ್ಧದಷ್ಟು ಜನ ಸಂದರ್ಶನಕ್ಕೆ ಕರೆ ಬಂತೆಂದು ತಿಳಿಸಿದ್ದಾರೆ. ಕೆಲಸ ಸಿಕ್ಕಿದ್ದು ಅವರ ಯೋಗ್ಯತೆಯಿಂದ, ಬಾಗಿಲವರೆಗೆ ಕರೆದೊಯ್ದದ್ದು ನನ್ನ ಕಾಗದ. ಅಕ್ಕನ ಮಗ ಈಗ ಪುಣೆಯಲ್ಲಿದ್ದಾನೆ.

ಕಂಪ್ಯೂಟರ್ ಓದಲಿ ಎಂದು ಉದ್ಯೋಗ ಜಾಹೀರಾತಿನ ಪದಗಳನ್ನೆಲ್ಲ ರೆಸ್ಯೂಮಿನಲ್ಲಿ ಬಿಳಿ ಅಕ್ಷರದಲ್ಲಿ ಕಾಣದಂತೆ ತುಂಬುವ ಪ್ರಯೋಗವನ್ನೂ ಮಾಡಿದೆ. ನೋಟ್‌ಪ್ಯಾಡಿನಲ್ಲಿ ಅಷ್ಟೂ ಬಯಲಾಯಿತು. ಆ ದಾರಿ ಹಿಡಿಯಬೇಡಿ, ಸಿಕ್ಕಿಬಿದ್ದರೆ ಹುಡುಗರ ಮಾನ ಹೋಗುತ್ತದೆ.

ದಾಲ್ ಮಿಲ್‌ಗಳಿಗೆ ಕನ್ನಡದ ರೆಸ್ಯೂಮ್ ಮಾಡಿದ್ದು ನನಗೆ ತುಂಬ ಇಷ್ಟವಾದ ಪ್ರಯೋಗ. ಸೂಪರ್‌ವೈಸರ್ ಕೆಲಸ ಕೇಳಿ ಒಬ್ಬರು ಬಂದಿದ್ದರು, ನನಗಿಂತ ಹಿರಿಯರು. ಮೊದಲು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿ ವರ್ಡ್ ಫೈಲನ್ನೇ ವಾಟ್ಸ್ಆ್ಯಪ್ ಮಾಡಿದೆ. ಮಾಲೀಕರ ಮೊಬೈಲಿನಲ್ಲಿ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ತೆರೆದುಕೊಂಡಿತು. ಎಲ್ಲ ಮೊಬೈಲಿಗೂ ಅರ್ಥವಾಗುವ ಅಕ್ಷರ ಸಂಕೇತವಾದ ಯೂನಿಕೋಡಿಗೆ ಬದಲಿಸಿ ಪಿಡಿಎಫ್ ಮಾಡಿ ಮತ್ತೆ ಕಳುಹಿಸಿದೆ, ಒಂದು ಪ್ರಿಂಟನ್ನೂ ಅವರ ಕೈಗೆ ಕೊಟ್ಟೆ. ತೊಗರಿ ತೂಕ, ತೇವದ ಪರೀಕ್ಷೆ, ಹಮಾಲರ ಹಾಜರಿ, ಎಲ್ಲವೂ ಮಾಲೀಕರಿಗೆ ಗೊತ್ತಿರುವ ಮಾತಿನಲ್ಲೇ ಇದ್ದವು. ಅದೇ ಸಂಜೆ ಅವರಿಗೆ ಕರೆ ಬಂತು. ಕನ್ನಡದ್ದಕ್ಕೆ ಸದ್ಯ 100 ರೂಪಾಯಿ ತೆಗೆದುಕೊಳ್ಳುತ್ತಿದ್ದೇನೆ. ಈ ಸಲದ ತೊಗರಿ ಬರುವುದರೊಳಗೆ ಇನ್ನೂ ಹತ್ತು ಜನರಿಗೆ ಮಾಡಿಕೊಡಬೇಕೆಂದು ಹೊಸ ನಮೂನೆ ಹಾಕಿಟ್ಟಿದ್ದೇನೆ.