ಹೆಪಾರಿನ್‌ಗೆ ಮುನ್ನ ತೂಕದ ಯಂತ್ರ

ಮುಂಬೈ ಬಳಿಯ ಡೊಂಬಿವಲಿಯಲ್ಲಿ ಮನೆಗಳಿಗೇ ಹೋಗಿ ವಯಸ್ಸಾದವರನ್ನು ನೋಡುವ ವೈದ್ಯೆ ನಾನು. ರಕ್ತ ಹೆಪ್ಪುಗಟ್ಟದಿರಲು ಕೊಡುವ, ಹೆಪಾರಿನ್ ಗುಂಪಿನ ಎನಾಕ್ಸಾಪರಿನ್ ಚುಚ್ಚುಮದ್ದು ಚೀಟಿಯಲ್ಲಿ ಕಂಡರೆ, ಸ್ಟೆತಾಸ್ಕೋಪಿಗೂ ಮೊದಲು ಚೀಲದಿಂದ ತೂಕದ ಯಂತ್ರ ತೆಗೆಯುತ್ತೇನೆ.

ಈ ಔಷಧ ಮುಖ್ಯವಾಗಿ ಮೂತ್ರಪಿಂಡದ ಮೂಲಕ ಹೊರಹೋಗುತ್ತದೆ. ಮೂತ್ರಪಿಂಡದ ಕೆಲಸ ತಿಳಿಯಲು ರಕ್ತದಲ್ಲಿ ನೋಡುವ ಕ್ರಿಯಾಟಿನಿನ್ 1.1 ಎಂದು ವರದಿ ಬಂದರೆ ಮನೆಯವರಿಗೆ ಸಮಾಧಾನ. ಆದರೆ ಕ್ರಿಯಾಟಿನಿನ್ ಹುಟ್ಟುವುದು ಸ್ನಾಯುಗಳಿಂದ. ಸ್ನಾಯು ಕರಗಿದ ಮುದಿ ದೇಹದಲ್ಲಿ ಮೂತ್ರಪಿಂಡ ಸೋತಿದ್ದರೂ ಆ ಅಂಕಿ ಅಷ್ಟಾಗಿ ಏರುವುದಿಲ್ಲ. 82 ವರ್ಷದ, 40 ಕಿಲೋ ತೂಕದ ಅಜ್ಜಿಗೆ ಅದೇ 1.1 ಇಟ್ಟು ವಯಸ್ಸು, ತೂಕ ಸೇರಿಸಿ ಮೂತ್ರಪಿಂಡದ ಶೋಧನೆಯ ವೇಗ ಅಂದಾಜಿಸುವ ಕಾಕ್‌ಕ್ರಾಫ್ಟ್–ಗಾಲ್ಟ್ ಸೂತ್ರದಲ್ಲಿ ಲೆಕ್ಕ ಹಾಕಿ: ನಿಮಿಷಕ್ಕೆ ಸುಮಾರು 25 ಮಿಲಿಲೀಟರ್. 30ಕ್ಕಿಂತ ಕೆಳಗಿಳಿದರೆ, ಕಿಲೋಗೆ 1 ಮಿಲಿಗ್ರಾಮಿನಂತೆ ದಿನಕ್ಕೆರಡು ಬಾರಿ ಕೊಡುವ ಚಿಕಿತ್ಸಾ ಪ್ರಮಾಣವನ್ನು ದಿನಕ್ಕೆ ಒಂದೇ ಬಾರಿಗೆ ಇಳಿಸಬೇಕು.

ಹೀಗೆಯೇ ಸಣಕಲಾಗಿದ್ದ, ಕುಂದಾಪುರದ ಕಡೆಯ ಒಬ್ಬ ಅಜ್ಜಿಗೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿತ್ತು. ಆಸ್ಪತ್ರೆಯಿಂದ ಬಂದ ಚೀಟಿಯಲ್ಲಿ ದಿನಕ್ಕೆರಡು ಬಾರಿ 60 ಮಿಲಿಗ್ರಾಮ್ ಎಂದಿತ್ತು, ಅಂದರೆ 60 ಕಿಲೋ ತೂಕದವರ ಪ್ರಮಾಣ. ನನ್ನನ್ನು ಕರೆಸಿದಾಗ ಅವರಿಗೆ ಕೆಮ್ಮು ಹಿಡಿದಿತ್ತು. “ಕೆಮ್ಮಿದರೆ ಹೊಟ್ಟೆ ಹರಿದಂತಾಗುತ್ತದೆ ಡಾಕ್ಟ್ರೇ” ಎಂದರು. ಮನೆಯವರು ಗ್ಯಾಸ್ ಎಂದು ಓಮದ ನೀರು ಕೊಟ್ಟಿದ್ದರು. ಹೊಕ್ಕುಳಿನ ಕೆಳಗೆ ಒಂದು ಬದಿಗೆ ಗಟ್ಟಿ ಗಂಟು ಕೈಗೆ ಸಿಕ್ಕಿತು. ಕಣ್ಣಿನ ರೆಪ್ಪೆಯ ಒಳಭಾಗ ಬಿಳಿಚಿತ್ತು, ರಕ್ತದೊತ್ತಡ ಕುಸಿದಿತ್ತು. ರಕ್ತ ಸೋರಿದಾಗ ಓಡಬೇಕಾದ ನಾಡಿ ಮಾತ್ರ ವೇಗವಾಗಿರಲಿಲ್ಲ. ಅವರು ರಕ್ತದೊತ್ತಡ, ಹೃದಯದ ತೊಂದರೆಗೆ ಕೊಡುವ ಮೆಟೊಪ್ರೊಲಾಲ್ ಮಾತ್ರೆ ನುಂಗುತ್ತಿದ್ದರು, ಅದು ನಾಡಿಯ ಓಟವನ್ನು ತಡೆಯುತ್ತದೆ. ಮಗ, ರಕ್ತ ಹೆಪ್ಪುಗಟ್ಟುವ ವೇಗ ಅಳೆಯುವ ಐಎನ್‌ಆರ್ ಪರೀಕ್ಷೆಯ ವರದಿ ಹಿಡಿದು, “ಇದು ಸರಿಯಾಗಿಯೇ ಇದೆಯಲ್ಲ” ಎಂದು ಕೇಳಿದರು. ಆ ಪರೀಕ್ಷೆ, ಹೆಪ್ಪು ತಡೆಯುವ ಇನ್ನೊಂದು ಮದ್ದಾದ ವಾರ್ಫರಿನ್ ಮಾತ್ರೆಗೆ. ಈ ಚುಚ್ಚುಮದ್ದಿನ ಹೆಚ್ಚು–ಕಡಿಮೆ ಅದರಲ್ಲಿ ಕಾಣುವುದಿಲ್ಲ.

ಸಂಜೆಯ ಡೋಸ್ ನಿಲ್ಲಿಸಿ, ಆಂಬ್ಯುಲೆನ್ಸಿನಲ್ಲಿ ನಾನೂ ಜೊತೆಗೆ ಹೋದೆ. ಹೊಟ್ಟೆಯ ಗೋಡೆಯ ಸ್ನಾಯುವಿನೊಳಗೆ ರಕ್ತ ತುಂಬಿರುವುದನ್ನು ಸಿ.ಟಿ. ಸ್ಕ್ಯಾನ್ ತೋರಿಸಿತು. ಹೆಪಾರಿನ್‌ಗೆ ಪ್ರತಿಮದ್ದಾದ ಪ್ರೋಟಮಿನ್ ಕೊಟ್ಟರು; ಅದು ಎನಾಕ್ಸಾಪರಿನ್‌ನ ಪ್ರಭಾವವನ್ನು ಪೂರ್ತಿ ಅಳಿಸಲಾರದು. ರಕ್ತ ಏರಿಸಬೇಕಾಯಿತು. ಅಜ್ಜಿ ಉಳಿದರು.

ಈಗ ಮನೆಯವರಿಗೆ ನಾನು ಒತ್ತಿ ಹೇಳುವುದು ಹೊರಗೆ ಕಾಣದ ರಕ್ತಸ್ರಾವದ ಬಗ್ಗೆ. ಹೊಟ್ಟೆ, ಸೊಂಟ, ತೊಡೆಯ ಸಂದಿನಲ್ಲಿ ಹೊಸ ನೋವು, ಎದ್ದು ನಿಂತರೆ ತಲೆಸುತ್ತು, ಕಪ್ಪು ಮಲ, ಬಿದ್ದ ಮೇಲೆ ತಲೆನೋವು ಅಥವಾ ಮಂಪರು ಕಂಡರೆ ಮುಂದಿನ ಡೋಸ್ ಕೊಡದೆ ಕೂಡಲೇ ಆಸ್ಪತ್ರೆಗೆ ಹೊರಡಬೇಕು. ಮಂಡಿನೋವಿಗೆಂದು ಡೈಕ್ಲೊಫಿನಾಕ್ ನೋವಿನ ಮಾತ್ರೆ ಕೊಡಬಾರದು, ಅದು ರಕ್ತಸ್ರಾವ ಹೆಚ್ಚಿಸೀತು. ಇಂಥ ಲಕ್ಷಣಗಳಿಲ್ಲದಿದ್ದಾಗ ಬರಿಯ ಭಯದಿಂದ ಮದ್ದು ಬಿಡುವುದೂ ಅಪಾಯವೇ: ಕಾಲಿನ ಹೆಪ್ಪು ಶ್ವಾಸಕೋಶಕ್ಕೆ ಹೋದೀತು.